ಘಟದ ಹಿಂದಿನ ಮೂಲೆ

ಮೂವತ್ತು ವರ್ಷ ನಾನು ಮಕ್ಕಳಿಗೆ ಒಂದು ಸುಳ್ಳು ಹೇಳಿಕೊಂಡು ಬಂದೆ. ಬಹುಭುಜದಲ್ಲಿ ಕಾಣೆಯಾದ ಒಳಕೋನ ಹುಡುಕುವ ಲೆಕ್ಕ ಮುಂದೆ ಜೀವನದಲ್ಲಿ ಉಪಯೋಗಕ್ಕೆ ಬರುತ್ತದೆ ಅಂತ. ಯಾರ ಜೀವನದಲ್ಲಿ ಅಂತ ಕೇಳಿದವರನ್ನು ಬಾಯಿ ಮುಚ್ಚಿಸಿ ಕೂರಿಸುತ್ತಿದ್ದೆ. ನಿವೃತ್ತನಾಗಿ ಮರಾಠಿ ಸೀಮೆಯ ಧನಕವಡಿಯ ಫ್ಲ್ಯಾಟಿನಲ್ಲಿ ಕೂತ ಮೇಲೆ, ಕಳೆದ ನವರಾತ್ರಿಯಲ್ಲಿ, ಆ ಸುಳ್ಳು ನಿಜವಾಗುವ ಹೊತ್ತು ಬಂತು. ಒಳಗೊಳಗೇ ಖುಷಿಯೂ ಆಯಿತು, ಯಾಕೆ ಮುಚ್ಚಿಡಲಿ.

ನಮ್ಮ ದೇವರ ಮನೆಗೆ ಐದು ಮೂಲೆ. ಹಾಲ್, ಬೆಡ್‌ರೂಮು ಎಲ್ಲ ಮುಗಿದು ಉಳಿದ ತುಂಡನ್ನು ಬಿಲ್ಡರ್ ದೇವರಿಗೆ ಕೊಟ್ಟಿದ್ದ. ಅಲ್ಲಿ ಹಾಸಲು ನನ್ನ ಹೆಂಡತಿ ಸುಶೀಲಾ ಇಳಕಲ್ಲಿನ ಕೆಂಪು ಕಲ್ಲೊಂದನ್ನು ತರಿಸಿದ್ದಳು. ರಸ್ತೆ ಅಗಲ ಮಾಡುವಾಗ ಅವಳ ತವರುಮನೆ ಹೋಯಿತು. ಅವಳ ಅವ್ವ ದಿನಾ ಸಂಜೆ ಕೂತು ಹೂ ಕಟ್ಟುತ್ತಿದ್ದ ಕಟ್ಟೆಯ ಈ ಒಂದು ಕಲ್ಲು ಉಳಿಯಿತು. ದಸರೆಯ ದಿನ ದೇವರು ಅದರ ಮೇಲೆಯೇ ಕೂರಬೇಕೆಂದು ಅವಳ ಹಟ. ಕೆಟ್ಟರೆ ಇನ್ನೊಂದಿಲ್ಲ.

ಕಲ್ಲು ಕೊಯ್ಯುವ ಮಲ್ಲಪ್ಪ ಇಂಡಿ ಕಡೆಯವನು, ಮರುದಿನವೇ ಹಬ್ಬಕ್ಕೆ ಊರಿಗೆ ಹೊರಟಿದ್ದ. ಬಂದವನು ರಟ್ಟು ಕತ್ತರಿಸಿ ನಾಲ್ಕು ಮೂಲೆಗಳ ಅಚ್ಚು ತೆಗೆದು, ಅವುಗಳ ನಡುವಿನ ಗೋಡೆಗಳ ಉದ್ದ ಅಳೆದುಕೊಂಡ. ಐದನೆಯದರಲ್ಲಿ ನವರಾತ್ರಿ ಪೂಜೆಯ ಮಣ್ಣಿನ ಕೊಡ, ಘಟ, ಕೂತಿತ್ತು. ಸುತ್ತ ಮಣ್ಣಿನಲ್ಲಿ ಬಿತ್ತಿದ ಕಾಳು ಗೇಣುದ್ದ ಮೊಳೆತು ಮೂಲೆಯನ್ನೇ ಮುಚ್ಚಿತ್ತು. ಸ್ವಲ್ಪ ಈಚೆ ಸರಿಸೋಣವೇ ಅಂದೆ.

"ಘಟ ಕೂತ ಮ್ಯಾಲೆ ಒಂಬತ್ತು ದಿನ ಅಲುಗಾಡಸಂಗಿಲ್ಲ. ಇಷ್ಟು ವರ್ಷಾದ್ರೂ ಗೊತ್ತಿಲ್ಲೇನ್ರಿ?" ಅಂದಳು ಸುಶೀಲಾ.

ಮಲ್ಲಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ತರಗತಿಯಲ್ಲಿ ಎತ್ತುವಂತೆ ಕೈ ಎತ್ತಿ ತಡೆದೆ. ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದು, ಮೊಣಕಾಲೂರಿ, ರಟ್ಟುಗಳನ್ನು ಅಳೆದೆ. ತೊಂಬತ್ತು, ತೊಂಬತ್ತು, ನೂರಾ ಮೂವತ್ತೈದು, ಎಪ್ಪತ್ತು. ಐದು ಭುಜವೆಂದರೆ ಒಳಕೋನಗಳ ಮೊತ್ತ ಐನೂರ ನಲವತ್ತು. ಮುನ್ನೂರ ಎಂಬತ್ತೈದು ಕಳೆದರೆ ಉಳಿದದ್ದು ನೂರಾ ಐವತ್ತೈದು.

"ಪಕ್ಕಾ ಏನ್ರಿ, ಮಾಸ್ತರ?"

"ಪಕ್ಕಾ."

ಮಲ್ಲಪ್ಪ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬರೆದುಕೊಂಡು, ಕಲ್ಲಿದ್ದ ಪಾರ್ಕಿಂಗಿಗೆ ಇಳಿದ. ಕೆಳಗೆ ಯಂತ್ರ ಕಿರ್ರೆಂದಿತು. "ಅವ್ವನ ಕಲ್ಲದು" ಎಂದಷ್ಟೇ ಹೇಳಿ ಸುಶೀಲಾ ಚಹಾ ಕೊಟ್ಟಳು. ಸಕ್ಕರೆ ಹಾಕಿರಲಿಲ್ಲ.

ಚಹಾ ಕುಡಿಯುತ್ತ ದೇವರ ಮನೆ ನೋಡಿದೆ. ಕೊನೆಗೆ ಅಳೆದ ಮೂಲೆ ತೊಂಬತ್ತರ ಮೂಲೆಗಿಂತ ಅಗಲವಾಗಿ ತೆರೆದಿತ್ತು. ಅದು ಎಪ್ಪತ್ತು ಹೇಗಾದೀತು? ಕೋನಮಾಪಕಕ್ಕೆ ಅಂಕಿಗಳು ಎರಡು ಸಾಲು, ನಾನು ತಪ್ಪು ಸಾಲು ಓದಿದ್ದೆ. ಅದು ನೂರಾ ಹತ್ತು. ಇದೇ ತಪ್ಪಿಗೆ ಎಷ್ಟು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ. ನಿಜ ಹೇಳುತ್ತೇನೆ, ಸುಮ್ಮನಿದ್ದು ಆಮೇಲೆ ಬಿಲ್ಡರನ ಗೋಡೆಯೇ ಸೊಟ್ಟ ಅಂದುಬಿಡೋಣ ಅನಿಸಿತು. ಅಷ್ಟರಲ್ಲಿ ಸುಶೀಲಾ ಕಣ್ಣಿಗೆ ಬಿದ್ದಳು. ಎರಡೂ ಕಿವಿ ಮುಚ್ಚಿಕೊಂಡು ಘಟದ ಮುಂದೆ ಕೂತಿದ್ದಳು.

ಲಿಫ್ಟಿಗೂ ಕಾಯದೆ ಮೂರು ಮಹಡಿ ಓಡಿ ಇಳಿದೆ. ನಾನು ಮುಟ್ಟುವ ಹೊತ್ತಿಗೆ ಯಂತ್ರ ನಿಂತಿತ್ತು. ಐದೂ ಮೂಲೆ ಕೊಯ್ದಾಗಿತ್ತು.

"ಮಲ್ಲಪ್ಪ, ತಪ್ಪಾತು. ನೂರಾ ಐವತ್ತೈದಲ್ಲ, ನೂರಾ ಹದಿನೈದು."

ಅವನು ಮುಖದ ಧೂಳು ಒರೆಸಿಕೊಂಡ. "ಅದನ್ನ ನಾ ಹಿಡದೇ ಇಲ್ಲರಿ. ನಾಕು ಮೂಲಿ ರಟ್ಟು ಕಲ್ಲಿನ ಮ್ಯಾಲೆ ಸರಿ ಕೂಡಿಸಿ ಎರಡೂ ತುದಿಯಿಂದ ದಾರ ಎಳದೆ. ದಾರ ಕೂಡಿದಲ್ಲೇ ಐದನೇದು, ಅದು ತಾನ ಬರ್ತದ. ಅದನ್ನ ಹೇಳಾಕ ಬಾಯಿ ತಗದಿದ್ದೆ, ನೀವು ಕೈ ಎತ್ತಿದ್ರಿ."

"ಮತ್ತ ಯಾಕ ಬರಕೊಂಡಿ?"

"ಮಾಸ್ತರು ಹೇಳಿದ್ರ ಬರಕೋಬೇಕಲ್ರಿ."

ದಸರೆಯ ದಿನ ಘಟ ಎತ್ತಿದರು, ಗೌಂಡಿ ಬಂದು ಕಲ್ಲು ಕೂಡಿಸಿದ. ಕೂದಲೆಳೆಯಷ್ಟೂ ಸಂದಿಲ್ಲ. ಸುಶೀಲಾ ಕಲ್ಲು ಸವರಿ ಕಣ್ಣೊರೆಸಿಕೊಂಡಳು. ಪಕ್ಕದ ಮನೆಯವರಿಗೆಲ್ಲ ಇದು ನಮ್ಮವರ ಲೆಕ್ಕ ಎಂದು ಮರಾಠಿಯಲ್ಲಿ ಹೇಳಿಕೊಂಡು ಬಂದಳು. ನಾನು ತಿದ್ದಲಿಲ್ಲ.

ಸಂಜೆ ಮೊಮ್ಮಗಳು ಕೋನಮಾಪಕ ಹಿಡಿದು ಬಂದಳು. "ಅಜ್ಜಾ, ಇದರಾಗ ಯಾವ ಸಾಲು ಓದಬೇಕು?"

"ತಡಿ ಪುಟ್ಟಿ," ಅಂದೆ, "ಮಲ್ಲಪ್ಪ ಊರಿಂದ ಬರ್ಲಿ."