ಸುಗುಣಮ್ಮನ ಭತ್ತವೂ ಎರಡನೆಯ ರಿಂಗೂ

ಪಂದ್ಯದ ದಿನ ಬೆಳಿಗ್ಗೆ ಡ್ರಿಲ್ ಮಾಸ್ತರ ಶರಣಬಸವ ಶಾಲೆಯ ಗೇಟು ದಾಟಿದಾಗ, ಬಾಸ್ಕೆಟ್‌ಬಾಲ್ ಅಂಗಳದ ತುಂಬ ಎಂಟು ಚೀಲ ಭತ್ತ ಹಾಯಾಗಿ ಮೈ ಚಾಚಿ ಬಿಸಿಲು ಕಾಯಿಸುತ್ತಿತ್ತು. ನಡುವೆ ಸುಗುಣಮ್ಮ ಸೀರೆ ಎತ್ತಿ ಕಟ್ಟಿಕೊಂಡು, ಬರಿಗಾಲಿನಿಂದ ಸಾಲು ಎಳೆಯುತ್ತ ಭತ್ತ ತಿರುವುತ್ತಿದ್ದಳು. ಶಾಲೆಯ ಕಂಪೌಂಡಿಗೆ ಅಂಟಿದ ಮನೆ ಅವಳದು.

"ಅಮ್ಮಾ, ಇವತ್ತು ಹೈದರಾಬಾದಿನ ಹುಡುಗ್ಯಾರು ಆಡಾಕ ಬರ್ತಾರಂತ ನಿನ್ನೇನ ಹೇಳಿದ್ನೆಲ್ರಿ."

"ಬರ್ಲಿ ಬಿಡು ತಮ್ಮಾ. ಅವ್ರು ನೆಲ್ಲು ನೋಡಿರಂಗಿಲ್ಲ, ನೋಡ್ಕೊಂಡು ಹೋಗ್ಲಿ."

ತೆಲಂಗಾಣದ ಗಡಿಯ ಮಕ್ತಲ್‌ನ ರೈತರ ಲೆಕ್ಕದಲ್ಲಿ ಸಿಮೆಂಟಿನ ನೆಲ ಎಂದರೆ ನೆಲ್ಲು, ಅಂದರೆ ಭತ್ತ, ಒಣಗಿಸಲು ದೇವರು ಕೊಟ್ಟ ಜಾಗ. ಅದರ ಮೇಲೆ ಬಿಳಿ ಗೆರೆ ಎಳೆದು ಒಂದು ತುದಿಗೆ ಕಂಬ ನೆಟ್ಟರೆ ಅದು ಬೇರೇನೋ ಆಗಿಬಿಡುತ್ತದೆ ಎಂದು ಅವರು ಒಪ್ಪುವವರಲ್ಲ. ಹೀಗಾಗಿ ಸುಗ್ಗಿ ಬಂದರೆ ಅಂಗಳದಲ್ಲಿ ಭತ್ತದ ಪಟ್ಟಿಗಳು, ಪಟ್ಟಿಗಳ ನಡುವೆ ಕಾಲುದಾರಿಗಳು, ಆ ಕಾಲುದಾರಿಗಳಲ್ಲಿ ಶರಣಬಸವನ ಹುಡುಗಿಯರ ಬಾಸ್ಕೆಟ್‌ಬಾಲ್. ಇದಕ್ಕೆ ಸುಗುಣಮ್ಮ ಒಂದು ಕಾಯಿದೆಯನ್ನೂ ಮಾಡಿದ್ದಳು. ಚೆಂಡನ್ನು ಭತ್ತದಲ್ಲಿ ಬೀಳಿಸಿದವರು ಆ ಪಟ್ಟಿಯನ್ನು ಪೂರ್ತಿ ತಿರುವಿ ಕೊಡಬೇಕು.

ಶರಣಬಸವ ಸಿಟ್ಟು ಬಾರದ ಮನುಷ್ಯ. ಅಷ್ಟೇ ಅಲ್ಲ, ಉಪಕಾರ ನೆನೆಯುವುದರಲ್ಲಿ ಅವನದು ಅತಿ. ಬಸ್ಸಿನಲ್ಲಿ ಕಾಲು ತುಳಿದವನು ಕಾಲು ತೆಗೆದರೂ ಸಾಕು, "ಉಪಕಾರ ಆತ್ರಿ" ಅನ್ನುತ್ತಿದ್ದ. ಈ ಗುಣ ಒಂದು ದಿನ ನಿಮ್ಮನ್ನ ಮುಳುಗಿಸ್ತೈತಿ ಎಂದು ಹೆಂಡತಿ ಭಾಗ್ಯಮ್ಮ ಹೇಳುತ್ತಲೇ ಇದ್ದಳು. ಹಾಗೆ ಹೇಳಿದ್ದಕ್ಕೂ ಅವನು ಅವಳಿಗೆ ಉಪಕಾರ ಹೇಳಿದ್ದುಂಟು.

ಆದರೆ ಇವತ್ತು ಉಪಕಾರದ ದಿನವಾಗಿರಲಿಲ್ಲ. ಅಂಗಳಕ್ಕೆ ಇದ್ದದ್ದು ಒಂದೇ ರಿಂಗು. ಎರಡನೆಯದಕ್ಕಾಗಿ ಅವನು ಆಂಧ್ರ ಇದ್ದಾಗ ನಾಲ್ಕು ಅರ್ಜಿ ಹಾಕಿದ್ದ, ತೆಲಂಗಾಣ ಬಂದ ಮೇಲೆ ಐದನೆಯದು ಹಾಕಿದ್ದ. ಹೊಸ ರಾಜ್ಯದ ಹುರುಪಿನಲ್ಲಿ ಐದನೆಯದಕ್ಕೆ ಉತ್ತರವೂ ಬಂತು: ಹೈದರಾಬಾದಿನ ಶಾಲೆಯೊಂದರ ತಂಡದೊಡನೆ ಸ್ನೇಹಪಂದ್ಯ ಇಡಿ, ಅಧಿಕಾರಿ ಚಂದ್ರಯ್ಯನವರು ನೋಡಿ ತೀರ್ಮಾನಿಸುತ್ತಾರೆ ಎಂದು. ಅಷ್ಟರಲ್ಲಿ ಶಾಲಾ ಸಮಿತಿಯ ಅಧ್ಯಕ್ಷ, ಧಾನ್ಯದ ವ್ಯಾಪಾರಿ ಕರಿಬಸಯ್ಯ ಇನ್ನೊಂದು ಕಾಗದ ಬರೆದಿದ್ದ. ಅಂಗಳದಲ್ಲಿ ಆಟ ನಡೆಯುವುದೇ ಇಲ್ಲ, ಅದನ್ನು ಮಾರ್ಕೆಟ್ಟಿಗೆ ಧಾನ್ಯ ಹರಡುವ ಕಳ ಮಾಡಿ ಕೊಟ್ಟುಬಿಡಿ ಎಂದು. ಹುಡುಗಿಯರು ಚೆನ್ನಾಗಿ ಆಡಿದರೆ ರಿಂಗು, ಮಾನ ಕಳೆದರೆ ಅಂಗಳವೇ ಹೋಯಿತು.

ಮಾಸ್ತರ ಪೊರಕೆ ಹಿಡಿದ. ಹುಡುಗಿಯರು ಬಂದು ಸೇರಿದರು. ಚೀಲ ಸಾಲದೆ ಪ್ರಾರ್ಥನೆಯ ಜಮಖಾನೆ, ಹೆಡ್‌ಮಾಸ್ತರರ ಮೇಜಿನ ಬಟ್ಟೆ, ಕೊನೆಗೆ ಮಾಸ್ತರನ ಹೆಗಲ ಟವೆಲು ಎಲ್ಲವೂ ಭತ್ತ ಹೊತ್ತವು. ಬೇವಿನ ಮರದ ಕೆಳಗೆ ದೊಡ್ಡ ರಾಶಿ ಬಿತ್ತು. ಸುಗುಣಮ್ಮ ಪಕ್ಕದಲ್ಲಿ ಕೂತು ಊರಿನ ಅಷ್ಟೂ ಡ್ರಿಲ್ ಮಾಸ್ತರರಿಗೆ ಸೇರುವಂತೆ ಬೈದಳು.

ಹನ್ನೊಂದಕ್ಕೆ ಹೈದರಾಬಾದಿನ ಬಸ್ಸು ಬಂತು. ಇಳಿದ ಹುಡುಗಿಯರಿಗೆಲ್ಲ ಒಂದೇ ಬಣ್ಣದ ಬೂಟು, ಒಬ್ಬೊಬ್ಬರಿಗೂ ಒಂದೊಂದು ನೀರಿನ ಬಾಟಲಿ, ಒಂದೊಂದು ಚೆಂಡು. ಮಕ್ತಲ್ ತಂಡಕ್ಕೆಲ್ಲ ಸೇರಿ ಇದ್ದದ್ದು ಒಂದು ಚೆಂಡು, ಸೈಕಲ್ ಅಂಗಡಿಯಲ್ಲಿ ಮೂರು ಪಂಚರ್ ಹಾಕಿಸಿಕೊಂಡದ್ದು. ರಿಂಗಿಗೆ ಬಲೆಯೆಂದು ಉಳ್ಳಾಗಡ್ಡಿ ಚೀಲ ಕಟ್ಟಿತ್ತು.

ಅವರ ಕೋಚ್ ಅಖಿಲಾ ಮೇಡಂ ಅವರ ಹುಟ್ಟೂರು ನಾರಾಯಣಪೇಟೆ, ಮಾತು ನಮ್ಮದೇ. ಅಂಗಳವನ್ನು ಈ ತುದಿಯಿಂದ ಆ ತುದಿಗೆ ನೋಡಿ ಕೇಳಿದರು:

"ನಮ್ಮಲ್ಲಿ ಮ್ಯಾಲ ಛಾವಣಿ, ಕೆಳಗ ಕಟಿಗಿ ನೆಲ ಐತ್ರಿ ಸರ್. ಅದಿರ್ಲಿ, ನಿಮ್ದು ಇನ್ನೊಂದು ರಿಂಗ್ ಎಲ್ಲೈತಿ?"

"ಅರ್ಜಿಯೊಳಗ ಐತ್ರಿ ಮೇಡಂ," ಅಂದ ಶರಣಬಸವ.

ಒಂದೇ ರಿಂಗಿಗೆ ಇಬ್ಬರೂ ಆಡುವುದೆಂದಾಯಿತು. ಗದ್ವಾಲ ಮೂಲದ, ಕನ್ನಡ ಬಲ್ಲ ಚಂದ್ರಯ್ಯನವರು ಕುರ್ಚಿಯಲ್ಲಿ ಕೂತರು. ಕರಿಬಸಯ್ಯ ಅವರ ಕಿವಿಗೆ ಹತ್ತಿರವಾಗುವಂತೆ ತನ್ನ ಕುರ್ಚಿ ಸರಿಸಿಕೊಂಡ.

ಆಟ ಶುರುವಾದದ್ದೇ ತಡ, ಮಕ್ತಲ್ ಹುಡುಗಿಯರು ಸಂತೆಯಲ್ಲಿ ಕೈಬಿಟ್ಟ ಮಕ್ಕಳಂತೆ ಸುತ್ತತೊಡಗಿದರು. ಖಾಲಿ ಅಂಗಳ ಅವರಿಗೆ ಹೊಸದು. ಎಲ್ಲಿ ನಿಲ್ಲಬೇಕು, ಯಾವ ಕಡೆ ಓಡಬೇಕು, ಎಲ್ಲಕ್ಕೂ ಅವರಿಗೆ ಭತ್ತದ ಪಟ್ಟಿಗಳೇ ಗುರುತು. ನಾಯಕಿ ಭಾಗ್ಯಜ್ಯೋತಿ ಮಾಸ್ತರನ ಹತ್ತಿರ ಓಡಿ ಬಂದು, "ಸರ್, ಮೂಲಿ ಪಟ್ಟಿ ಹತ್ರ ನಿಂದ್ರು ಅಂತೀರಿ, ಮೂಲಿ ಪಟ್ಟಿ ಎಲ್ಲೈತ್ರಿ?" ಅಂದಳು. ಪಟ್ಟಣದ ಹುಡುಗಿಯರು ಚೆಂಡು ಪುಟಿಸುತ್ತ ಹಾದುಹೋಗಿ ಹಾಕಿದ್ದೇ ಹಾಕಿದ್ದು. ಅರ್ಧ ಆಟಕ್ಕೆ ಇಪ್ಪತ್ತೊಂದು–ನಾಲ್ಕು.

"ನೋಡಿದ್ರಿಲ್ಲ ಸಾಹೇಬ್ರ," ಎಂದ ಕರಿಬಸಯ್ಯ, "ಕಳ ಮಾಡಿದ್ರ ನಾಕು ಮಂದಿಗೆ ಅನ್ನಾ ಆಗ್ತೈತಿ."

ಎಲ್ಲರೂ ಚಹಾ, ಮಿರ್ಚಿ ಭಜಿಗೆಂದು ಒಳಗೆ ಹೋದರು. ಶರಣಬಸವ ಭಜಿ ಮುಟ್ಟದೆ ಎದ್ದ. ಹೊರಗೆ ಬಂದು ನೋಡಿದರೆ ಎಂಟೂ ಚೀಲ ಭತ್ತ ಮತ್ತೆ ಅಂಗಳದ ಮೇಲೆ, ಬೆಳಗಿನಂತೆಯೇ ಪಟ್ಟಿ ಪಟ್ಟಿಯಾಗಿ ಹರಡಿತ್ತು. ಅಷ್ಟರಲ್ಲಿ ಒಳಗಿದ್ದವರೂ ಅವನ ಹಿಂದೆ ಹೊರಗೆ ಬಂದರು.

"ಅಮ್ಮಾ, ಕೈ ಮುಗಿತೀನ್ರಿ," ಅಂದ ಅವನು, "ಇನ್ನ ಅರ್ಧ ಆಟ ಐತ್ರಿ."

"ರಾಶಿಯೊಳಗ ಕೈ ಇಟ್ಟು ನೋಡ್ಬೇಕಿತ್ತು ನೀನು. ಬಿಸಿ ಆಗಿತ್ತು. ಸಂಜಿತನಕ ಬಿಟ್ರ ಮೊಳಕಿ ಒಡಿತಾವು. ಮೊಳಕಿ ನೆಲ್ಲು ಈ ಕರಿಬಸಯ್ಯ ತಗೊಂತಾನೇನು?"

ಕರಿಬಸಯ್ಯ ಇಲ್ಲವೆಂದು ತಲೆಯಾಡಿಸಿದ. ಚಂದ್ರಯ್ಯನವರು ಹುಬ್ಬು ಗಂಟಿಕ್ಕಿ ಗಡಿಯಾರ ನೋಡಿದರು. ಆಗ ಅಖಿಲಾ ಮೇಡಂ ತಮ್ಮ ಹುಡುಗಿಯರಿಗೆ ತೆಲುಗಿನಲ್ಲಿ, ಅದು ಅನ್ನ, ಬೂಟು ಬಿಚ್ಚಿ ಎಂದರು. ಒಂದೇ ಬಣ್ಣದ ಬೂಟುಗಳೆಲ್ಲ ಗುಡಿಯ ಬಾಗಿಲಲ್ಲಿದ್ದಂತೆ ಸಾಲಾಗಿ ಕೂತವು. ಶರಣಬಸವನ ಕಣ್ಣು ಒದ್ದೆಯಾಯಿತು. ಪಟ್ಟಣದವರು ಹೀಗಿರುತ್ತಾರೆಂದು ಅವನು ಎಣಿಸಿರಲಿಲ್ಲ.

ಆಮೇಲಿನದು ಬೇರೆಯೇ ಆಟ. ಪಟ್ಟಣದ ನಾಯಕಿ ಚೆಂಡು ಪುಟಿಸಿದಳು. ಅದು ಭತ್ತದೊಳಗೆ ಕುಸಿದು ಕೂತಿತು, ಏಳಲೇ ಇಲ್ಲ.

"ತಿರುವು," ಅಂದಳು ಸುಗುಣಮ್ಮ.

ಆ ಹುಡುಗಿಗೆ ಭಾಷೆ ತಿಳಿಯದಿದ್ದರೂ ದನಿ ತಿಳಿಯಿತು. ಮರ್ಯಾದಸ್ಥೆ, ತಲೆ ತಗ್ಗಿಸಿ ಕಾಲಿನಿಂದ ಸಾಲು ಎಳೆಯತೊಡಗಿದಳು. ಅವಳು ಒಂದು ಪಟ್ಟಿ ಮುಗಿಸುವಷ್ಟರಲ್ಲಿ ಮಕ್ತಲ್ ಮೂರು ಬಾರಿ ರಿಂಗಿಗೆ ಹಾಕಿತ್ತು. ನಮ್ಮ ಹುಡುಗಿಯರ ಚೆಂಡು ನೆಲ ಮುಟ್ಟಲೇ ಇಲ್ಲ. ಮೂಲೆ ಪಟ್ಟಿಯಿಂದ ನಡು ಪಟ್ಟಿಗೆ, ಅಲ್ಲಿಂದ ಭಾಗ್ಯಜ್ಯೋತಿಯ ಕೈಗೆ, ಅಲ್ಲಿಂದ ಉಳ್ಳಾಗಡ್ಡಿ ಚೀಲಕ್ಕೆ. ಇನ್ನೊಂದು ಕಡೆ ನಗರದ ಮೂವರು ಒಟ್ಟಿಗೇ ಭತ್ತ ತಿರುವುತ್ತಿದ್ದರು, ಅದೂ ನಗುನಗುತ್ತ. ಕೊನೆಯ ಸೀಟಿ ಊದಿದಾಗ ಇಪ್ಪತ್ತಾರು–ಇಪ್ಪತ್ತೈದು. ಗೆದ್ದದ್ದು ಮಕ್ತಲ್.

ಚಂದ್ರಯ್ಯನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಲ್ಲೇ ಕಾಗದ ತರಿಸಿ, ಅಂಗಳ ಶಾಲೆಗೇ ಇರಬೇಕು, ಎರಡನೆಯ ರಿಂಗು ಮಂಜೂರು ಮಾಡಬೇಕು ಎಂದು ಬರೆದರು. ಸಹಿಯೊಂದು ಬಾಕಿ.

"ಮಾಸ್ತರೇ, ಸಹಿಗಿಂತ ಮೊದಲು ನೀವು ನಾಲ್ಕು ಮಾತು ಹೇಳಿರಿ," ಅಂದರು.

"ಸರ್," ಭಾಗ್ಯಜ್ಯೋತಿ ಅಂಗಿ ಜಗ್ಗಿದಳು, "ಉಪಕಾರ ಆತ್ರಿ ಅಂತ ಒಂದು ಮಾತು ಹೇಳಿ ಕೂತ್ಬಿಡ್ರಿ."

ಕೂರುವ ಜೀವವೇ ಅದು? ಶರಣಬಸವನ ಎದೆ ತುಂಬಿ ಬಂದಿತ್ತು. ಕೃತಜ್ಞತೆ ತುಂಬಿದ ಬಾಯಿಗೆ ಬಾಗಿಲು ಹಾಕುವವರು ಯಾರು.

"ಇವತ್ತು ನಾವು ಗೆದ್ದಿಲ್ರಿ, ಸುಗುಣಮ್ಮನೋರ ನೆಲ್ಲು ಗೆದ್ದೈತಿ," ಎಂದು ಶುರುಮಾಡಿದ. "ಅವ್ರು ಹರವಿದ್ದಕ್ಕ ನಮ್ ಹುಡುಗ್ಯಾರು ಚೆಂಡು ಕೆಳಗ ಬಿಡ್ದಂಗ ಕಲ್ತಾರ. ನಾ ಎಷ್ಟು ಬೇಜಾರು ಮಾಡ್ಕೊಂಡಿದ್ದೆ, ತಪ್ಪಾತ್ರಿ ಅಮ್ಮಾ. ಕರಿಬಸಯ್ಯನೋರದೂ ಉಪಕಾರ ಐತಿ. ನಾಕು ವರ್ಷ ಅವ್ರು ನನ್ ಅರ್ಜಿಗೆ ಸಹಿ ಹಾಕಲಿಲ್ಲ. ಹಾಕಿದ್ರ ಎರಡ್ನೇ ರಿಂಗ್ ಬರ್ತಿತ್ತು, ನೆಲ್ಲಿಗೆ ಜಾಗ ಇರ್ತಿದ್ದಿಲ್ಲ, ಈ ಆಟ ಬರ್ತಿದ್ದಿಲ್ಲ. ಎಲ್ಲಾರಿಗೂ ಉಪಕಾರ ಆತ್ರಿ."

ಸುಗುಣಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೆ ಸಭೆಯಲ್ಲಿ ಹೀಗೆ ಯಾರೂ ಹೇಳಿರಲಿಲ್ಲ. ಚಂದ್ರಯ್ಯನವರು ಮಾಸ್ತರನ ಕೈ ಹಿಡಿದು ಕುಲುಕಿದರು. ಅವರು ಮೊದಲು ಬರೆದದ್ದರ ಮೇಲೆ ಒಂದು ಗೆರೆ ಎಳೆದು ಹೊಸದಾಗಿ ಬರೆದರು, ಸಹಿ ಹಾಕಿ ಓದಿಯೂ ಹೇಳಿದರು: ಅಂಗಳ ಶಾಲೆಗೇ ಇರತಕ್ಕದ್ದು. ಎರಡನೆಯ ರಿಂಗಿನಿಂದ ತರಬೇತಿಗೆ ಅಡ್ಡಿಯಾಗುವ ಕಾರಣ ಅದು ಬೇಡ. ಸುಗ್ಗಿ ಮಾತ್ರವಲ್ಲ, ವರ್ಷವಿಡೀ ಡ್ರಿಲ್ ಮಾಸ್ತರರ ಉಸ್ತುವಾರಿಯಲ್ಲಿ ಅಂಗಳದ ಮೇಲೆ ಧಾನ್ಯ ಹರಡತಕ್ಕದ್ದು.

ಅಖಿಲಾ ಮೇಡಂ ತಮ್ಮ ಕಟ್ಟಿಗೆ ನೆಲಕ್ಕೆಂದು ಎರಡು ಚೀಲ ಭತ್ತ ಕೇಳಿ ಬಸ್ಸಿಗೆ ಹಾಕಿಸಿಕೊಂಡರು. ದಿನಕ್ಕೆರಡು ಸಲ ತಿರುವಿಸ್ರಿ ಎಂದು ಸುಗುಣಮ್ಮ ಹೇಳಿ ಕಳಿಸಿದಳು.

ಮರುದಿನ ಬೆಳಿಗ್ಗೆ ಶರಣಬಸವ ಗೇಟಿಗೆ ಬಂದಾಗ ನಮ್ಮ ಜಿಲ್ಲೆಯದೇ ಮದ್ದೂರಿನ ಕಡೆಯಿಂದಲೂ ಟ್ರ್ಯಾಕ್ಟರುಗಳು ಬಂದು ನಿಂತಿದ್ದವು. ಒಬ್ಬೊಬ್ಬರ ಕೈಯಲ್ಲೂ ಆದೇಶದ ಜೆರಾಕ್ಸ್. ಮೊದಲ ಟ್ರ್ಯಾಕ್ಟರಿನ ಮೇಲೆ ಕರಿಬಸಯ್ಯ ಕೂತಿದ್ದ. ಅಂಗಳದಲ್ಲಿ ಈಗ ಕಾಲುದಾರಿಗೂ ಜಾಗವಿರಲಿಲ್ಲ.

"ಸರ್, ಹಿಡೀರಿ," ಎಂದು ಭಾಗ್ಯಜ್ಯೋತಿ ಗೋಡೆಯ ಮೇಲೆ ನಿಂತು ಚೆಂಡು ಎಸೆದಳು.

ಮಾಸ್ತರನ ಎರಡೂ ಕೈಯಲ್ಲಿ ಜೆರಾಕ್ಸುಗಳಿದ್ದವು. ಚೆಂಡು ನಡು ಪಟ್ಟಿಯ ನಟ್ಟನಡುವೆ ಬಿದ್ದು ಕೂತಿತು. ಹುಡುಗಿಯರೆಲ್ಲ ಸುಗುಣಮ್ಮನ ಕಡೆ ನೋಡಿದರು.

"ಕಾಯಿದೆ ಎಲ್ಲಾರಿಗೂ ಒಂದ ಮಾಸ್ತರ," ಅಂದಳು ಅವಳು. "ಕಾಲು ತೊಳ್ಕೊಂಡು ಬಾ. ಮಧ್ಯಾಹ್ನ ಊಟ ನಮ್ಮನ್ಯಾಗ, ಹೊಸ ನೆಲ್ಲಿನ ಅನ್ನ ಮಾಡೀನಿ."

ಶರಣಬಸವ ಚಪ್ಪಲಿ ಬಿಟ್ಟ, ಪ್ಯಾಂಟು ಮಡಚಿದ. ಅಭ್ಯಾಸಬಲ, ಬಾಯಿ ತಾನಾಗಿಯೇ ತೆರೆಯಿತು.

"ಉಪಕಾರ ಆತ್ರಿ ಅಮ್ಮಾ."

"ಸಾಕು ಸಾಕು," ಅಂದಳು ಸುಗುಣಮ್ಮ ಗಾಬರಿಯಿಂದ, "ನಿನ್ನೆ ನೀ ಉಪಕಾರ ಹೇಳಿದ್ದಕ್ಕ ನನ್ ನೆಲ್ಲಿಗೆ ಜಾಗಾ ಇಲ್ದಂಗ ಆಗೇತಿ."