ಟ್ರಾನ್ಸ್‌ಫರ್ ಫಂಕ್ಷನ್ನಿಗೆ ಒಂದು ಡಬ್ಬಿ ರವೆ ಉಂಡೆ

ಒಂದೇ ಸಾಲಿನಲ್ಲಿ ಮುಗಿದುಹೋಗುವ ಪಾಠವೆಂದರೆ ನನಗೆ ಭಯ. ಉದ್ದನೆಯ ಪಾಠದಲ್ಲಿ ತಪ್ಪಾದರೆ ಬೋರ್ಡಿನ ಯಾವುದೋ ಮೂಲೆಯಲ್ಲಿ ಮುಚ್ಚಿಹೋಗುತ್ತದೆ. ಒಂದು ಸಾಲಿನ ಪಾಠಕ್ಕೆ ಮೂಲೆಯೇ ಇರುವುದಿಲ್ಲ. ಕಡೂರಿನ ಡಿಪ್ಲೊಮಾ ಕಾಲೇಜೊಂದರಲ್ಲಿ ನಾನು ಹೇಳಿಕೊಡುವ ವಿಷಯದಲ್ಲಿ ಸ್ಪ್ರಿಂಗಿನ ಟ್ರಾನ್ಸ್‌ಫರ್ ಫಂಕ್ಷನ್ ಎಂಬ ಬಡಪಾಯಿ ಪಾಠವೊಂದಿದೆ. ಸ್ಪ್ರಿಂಗನ್ನು ಇಷ್ಟು ಬಲ ಹಾಕಿ ಎಳೆದರೆ ಅದು ಎಷ್ಟು ಉದ್ದವಾಗುತ್ತದೆ ಎಂಬ ಲೆಕ್ಕ, ಅಷ್ಟೇ. ಈ ಬಡಪಾಯಿಯೇ ನಮ್ಮ ಮನೆಯನ್ನು ಅಲ್ಲಾಡಿಸಿಬಿಟ್ಟಿತು.

ನಾವಿರುವುದು ಅಜ್ಜಂಪುರದಲ್ಲಿ. ನಾನು, ನನ್ನ ಗಂಡ, ವರ್ಷ ತುಂಬದ ಮಗಳು, ನಮ್ಮತ್ತೆ ಮತ್ತು ಅತ್ತೆಯ ಎಮ್ಮೆ. ಬೆಳಿಗ್ಗೆ ನಾನು ರೈಲು ಹತ್ತಿದರೆ ಸಂಜೆಯವರೆಗೆ ಮಗು ಅತ್ತೆಯ ವಶ. ಅತ್ತೆ ಮಾತಿನಲ್ಲಿ ಮಹಾ ಜಿಪುಣಿ. ನನ್ನ ಸಾರಿಗೆ, ಸೀರೆಗೆ, ನೌಕರಿಗೆ ಎಲ್ಲಕ್ಕೂ ಅವರದು ಒಂದೇ ಉತ್ತರ: "ಹೂಂ." ಇವರಿಗೆ ನನ್ನನ್ನು ಕಂಡರೆ ಇಷ್ಟವೋ ಇಲ್ಲವೋ ಎಂದು ನಾನು ಒಳಗೊಳಗೇ ಒದ್ದಾಡುತ್ತಿದ್ದೆ. ಗಂಡನನ್ನು ಕೇಳಿದರೆ, "ನನ್ನ ಕಂಡ್ರೇ ಇಷ್ಟಾನಾ ಅಂತ ನಂಗಿನ್ನೂ ಗೊತ್ತಾಗಿಲ್ಲ ಕಣೇ" ಎಂದಿದ್ದರು.

ಮೊನ್ನೆ ಗುರುವಾರ ಸಂಜೆ ಅತ್ತೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

"ಅತ್ತೆ, ನಾಳೆ ಟ್ರಾನ್ಸ್‌ಫರ್ ಫಂಕ್ಷನ್ ಇದೆ. ಬರೋದು ಸ್ವಲ್ಪ ತಡ ಆಗುತ್ತೆ" ಎಂದೆ.

"ಯಾರು ಮಾಡ್ತಾರೆ?"

"ನಾನೇ ಮಾಡ್ಬೇಕು. ಅಲ್ಲಿ ಬೇರೆ ಯಾರಿದ್ದಾರೆ?"

"ಹೂಂ."

ಹುಡುಗರಿಗೆ ತೋರಿಸೋಣವೆಂದು ಮಗುವಿನ ಜೋಲಿ ಕಟ್ಟಿದ್ದ ಸ್ಪ್ರಿಂಗನ್ನು ಕೊಂಡಿಯಿಂದ ಬಿಡಿಸಿ ಬ್ಯಾಗಿಗೆ ಹಾಕಿಕೊಂಡೆ. ಅತ್ತೆ ಅದನ್ನೂ ನೋಡಿದರು. ನಮ್ಮ ಕಡೆ ಟ್ರಾನ್ಸ್‌ಫರ್ ಎಂದರೆ ವರ್ಗ, ಫಂಕ್ಷನ್ ಎಂದರೆ ಹಾರ, ಶಾಲು, ಊಟ. ಎರಡೂ ಸೇರಿದರೆ ಬೀಳ್ಕೊಡುಗೆ. ಸೊಸೆಗೆ ವರ್ಗವಾಗಿದೆ, ಕಳಿಸಿಕೊಡುವವರೂ ಇಲ್ಲದೆ ಅವಳೇ ಫಂಕ್ಷನ್ ಮಾಡಿಕೊಳ್ಳುತ್ತಿದ್ದಾಳೆ, ಮಗುವಿನ ಜೋಲಿಯನ್ನೂ ಬಿಚ್ಚಿಕೊಂಡಾಯಿತು ಎಂದು ಅವರು ತೀರ್ಮಾನಿಸಿದ್ದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಎದ್ದರೆ ಮನೆಯೆಲ್ಲ ತುಪ್ಪದ ಘಮ. ಅತ್ತೆ ಒಂದು ದೊಡ್ಡ ಡಬ್ಬಿ ತುಂಬ ರವೆ ಉಂಡೆ ನನ್ನ ಕೈಗಿಟ್ಟು, "ಬರಿಗೈಲಿ ಹೋಗ್ಬೇಡ. ಎಲ್ರಿಗೂ ಹಂಚು" ಎಂದರು. ನನ್ನ ಪಾಠಕ್ಕೆ ಇಷ್ಟು ಮರ್ಯಾದೆಯೇ ಎಂದು ನಾನು ಉಬ್ಬಿಹೋದೆ. ಬೀರೂರು ಬರುವಷ್ಟರಲ್ಲಿ ಮರ್ಯಾದೆಯ ಪಾಲು ನಾನೂ ತಿಂದಿದ್ದೆ.

ತರಗತಿಯಲ್ಲಿ ಜೋಲಿಯ ಸ್ಪ್ರಿಂಗನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ ಎಳೆದು ತೋರಿಸಿದೆ. ಬಲ ಎಂದರೆ ಕೆ ಗುಣಿಸು ಎಳೆತ. ಕೆ ಎಂಬುದು ಸ್ಪ್ರಿಂಗಿನ ಬಿಗಿ. ಸಮೀಕರಣದಲ್ಲಿ ಟಿ ಇದ್ದಲ್ಲಿ ಎಸ್ ಬರುತ್ತದೆ, ಸಣ್ಣ ಎಕ್ಸ್ ದೊಡ್ಡ ಎಕ್ಸ್ ಆಗುತ್ತದೆ. ಹೊರಬಂದದ್ದನ್ನು ಒಳಹೋದದ್ದರಿಂದ ಭಾಗಿಸಿದರೆ ಒಂದರ ಕೆಳಗೆ ಕೆ. ಪಾಠ ಮುಗಿಯಿತು, ಪೀರಿಯಡ್ ಮುಗಿಯಲಿಲ್ಲ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಮೇಡಂ, ಕೆ ತುಂಬಾ ದೊಡ್ಡದಾದ್ರೆ?" ಎಂದಳು. "ಎಷ್ಟು ಎಳೆದ್ರೂ ಕದಲಲ್ಲ. ಅಂಥದ್ದು ಸ್ಪ್ರಿಂಗ್ ಅಲ್ಲ ಕಣಮ್ಮ, ಬರೀ ಕಬ್ಬಿಣ" ಎಂದು ಗತ್ತಿನಿಂದ ಹೇಳಿ ಡಬ್ಬಿ ತೆರೆದೆ. ಮಿಕ್ಕ ಸಮಯವನ್ನು ರವೆ ಉಂಡೆ ನಡೆಸಿಕೊಟ್ಟಿತು.

ಸಂಜೆ ಮನೆಗೆ ಬಂದರೆ ಗಂಡ ಬಾಗಿಲಲ್ಲೇ ಮುಖ ಇಳಿಬಿಟ್ಟುಕೊಂಡು ನಿಂತಿದ್ದರು. "ತರೀಕೆರೆಗೆ ಆಗಿದ್ರೂ ಓಡಾಡ್ಬೋದಿತ್ತು. ಎಲ್ಲಿಗೆ ಹಾಕಿದ್ದಾರೆ?" ಎಂದರು. ಒಳಗೆ ನಡುಮನೆಯಲ್ಲಿ ಎರಡು ಬ್ಯಾಗುಗಳು. ಒಂದರಲ್ಲಿ ಮಗುವಿನ ಬಟ್ಟೆ, ಇನ್ನೊಂದರಲ್ಲಿ ಅತ್ತೆಯ ಸೀರೆಗಳು. ಎಮ್ಮೆ ಬಿಟ್ಟಿರಲಾರೆನೆಂದು ಹತ್ತಿರದ ಶಿವನಿಯಲ್ಲಿರುವ ತಂಗಿಯ ಮನೆಯಲ್ಲೂ ರಾತ್ರಿ ಉಳಿಯದ ಹೆಂಗಸು ಇವರು.

"ಅಲ್ಲಿ ಪಾಪೂನ ಯಾರು ನೋಡ್ಕೋತಾರೆ? ನಿಂಗೆ ಹೊತ್ತಿಗೆ ಸರಿಯಾಗಿ ಅನ್ನ ಯಾರು ಹಾಕ್ತಾರೆ? ನಾನೂ ಬತ್ತೀನಿ" ಎಂದರು ಅತ್ತೆ. ನಮ್ಮ ಮನೆಯಲ್ಲಿ ಅವರಾಡಿದ ಅತಿ ಉದ್ದದ ಭಾಷಣ ಅದು.

"ಅವ್ವಾ, ಎಮ್ಮೆ?" ಎಂದರು ಗಂಡ.

"ನೀನಿರ್ತೀಯಲ್ಲ, ಹಾಲು ಕರ್ಕೋ."

ಮಗನಿಗೆ ಬ್ಯಾಗೇ ಇರಲಿಲ್ಲ. ನನಗೆ ಆಗ ವಿಷಯ ಹೊಳೆಯಿತು. ನಗು ಬಂತು. ಇಷ್ಟು ಸಂತೋಷ ನನಗೆ ನೌಕರಿಯ ಆರ್ಡರ್ ಬಂದಾಗಲೂ ಆಗಿರಲಿಲ್ಲ. ಸ್ಪ್ರಿಂಗನ್ನು ಮತ್ತೆ ಕೊಂಡಿಗೆ ಸಿಕ್ಕಿಸಿ, ಜೋಲಿ ಕಟ್ಟಿ, ಮಗುವನ್ನು ಮಲಗಿಸಿ ಅತ್ತೆಗೆ ಇಡೀ ಪಾಠ ಹೇಳಿದೆ.

"ಅಂಗಾದ್ರೆ ಟ್ರಾನ್ಸ್‌ಫರ್ ಇಲ್ವಾ?"

"ಇಲ್ಲ ಅತ್ತೆ."

"ಹೂಂ." ಸೀರೆಗಳನ್ನು ಒಂದೊಂದಾಗಿ ಬೀರುವಿಗೆ ಮರಳಿ ಇಟ್ಟರು. ಆಮೇಲೆ, "ಉಂಡೆ ಅಷ್ಟೂ ಹಂಚ್ಬಿಟ್ಟ್ಯಾ?" ಎಂದರು.

"ಹಂಚ್ಬಿಟ್ಟೆ."

ಅತ್ತೆ ಎಮ್ಮೆ ಕರೆಯಲು ಎದ್ದು ಹೋದರು.

ಈಗ ನನ್ನ ಮುಂದಿರುವ ಕಷ್ಟ ಇಷ್ಟೇ. ಕೆ ದೊಡ್ಡದಾದರೆ ಬರೀ ಕಬ್ಬಿಣ ಎಂದು ಹೇಳಿದ್ದನ್ನು, ಅತ್ತೆಯ ಬ್ಯಾಗು ಕಂಡ ಮೇಲೆ, ಸೋಮವಾರ ಆ ಹುಡುಗಿಗೆ ತಿದ್ದಿ ಹೇಳಬೇಕು. ಉಂಡೆಯಿಲ್ಲದೆ ಆ ತರಗತಿ ಇನ್ನು ನನ್ನ ಮಾತು ಕೇಳುವ ಹಾಗೆ ಕಾಣುವುದಿಲ್ಲ. ಅತ್ತೆಯನ್ನು ಕೇಳೋಣವೆಂದರೆ, ಈ ಸಲ ಯಾವ ಫಂಕ್ಷನ್ ಎಂದು ಹೇಳುವುದು?