ಹಸಿರು ಬಳಿದ ಹೊಲಕ್ಕೆ ಕೆಂಪು ಬಣ್ಣ ಕೋರಿ

ಇಂದ,
ಮುನಿಕೃಷ್ಣ ಬಿನ್ ಆದಿನಾರಾಯಣಪ್ಪ,
ಹೆಸರಾಂತ ದ್ರಾಕ್ಷಿ ಬೆಳೆಗಾರರು,
ಜಡಿಗೇನಹಳ್ಳಿ ಹೋಬಳಿ, ಹೊಸಕೋಟೆ ತಾಲ್ಲೂಕು.

ಗೆ,
ಮಾನ್ಯ ನಷ್ಟ ಅಂದಾಜು ತಂತ್ರಾಂಶದವರು,
(ಅರ್ಧ ಆಕಾಶದಲ್ಲಿ, ಅರ್ಧ ಹೊಸಕೋಟೆಯ ನಕ್ಷೆ ಕೋಣೆಯ ಕಂಪ್ಯೂಟರಿನಲ್ಲಿ)

ವಿಷಯ: ಆಲಿಕಲ್ಲು ಮಳೆ ನಷ್ಟದ ನಕ್ಷೆಯಲ್ಲಿ ಅರ್ಜಿದಾರನ ಹೊಲಕ್ಕೆ ಬಳಿದಿರುವ ಹಸಿರು ಬಣ್ಣ ಅಳಿಸಿ, ಕೆಂಪು ಬಳಿದುಕೊಡುವ ಬಗ್ಗೆ.

ಉಲ್ಲೇಖ: 1) ಹೋದ ವಾರದ ಆಲಿಕಲ್ಲು ಮಳೆ.
2) ಪಂಚಾಯ್ತಿ ಗೋಡೆಗೆ ಅಂಟಿಸಿರುವ ತಮ್ಮ ಬಣ್ಣದ ನಕ್ಷೆ.
3) ಅರ್ಜಿದಾರನ ತಾಯಿ ಮಾರಕ್ಕನವರು ದಿನಾ ಬೆಳಿಗ್ಗೆ ಮೌಖಿಕವಾಗಿ ಜಾರಿ ಮಾಡುತ್ತಿರುವ ನೋಟಿಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಹೋದ ವಾರ ಅರ್ಜಿದಾರನ ದ್ರಾಕ್ಷಿ ತೋಟದ ಮೇಲೆ ಬಿದ್ದ ಆಲಿಕಲ್ಲುಗಳು ಒಂದೊಂದೂ ಬೂದುಗುಂಬಳದ ಗಾತ್ರದವಾಗಿದ್ದವು. ಪೈಕಿ ಒಂದನ್ನು ಜೆಸಿಬಿ ತರಿಸಿ ಎತ್ತಬೇಕಾಯಿತು. ಸದರಿ ಕಲ್ಲನ್ನು ಗರಗಸದಲ್ಲಿ ಕೊಯ್ದು ಹೊಸಕೋಟೆ ಬಸ್ ಸ್ಟ್ಯಾಂಡಿನ ಕಬ್ಬಿನ ಹಾಲಿನ ಅಂಗಡಿಗೆ ಕೊಡಲಾಗಿ, ಅವರು ಇಂದಿಗೂ ಬೇರೆ ಐಸು ತರಿಸಿರುವುದಿಲ್ಲ.

2. ಅರ್ಜಿದಾರನ ತೋಟ ಎಷ್ಟು ದೊಡ್ಡದೆಂದರೆ, ಈ ತುದಿಯಲ್ಲಿ ಕೊಯ್ಲು ಮುಗಿಯುವಷ್ಟರಲ್ಲಿ ಆ ತುದಿಯ ಹಣ್ಣು ಒಣದ್ರಾಕ್ಷಿಯಾಗಿರುತ್ತಿತ್ತು. ಇಂಥ ತೋಟವು ಒಂದೇ ಸಂಜೆಯಲ್ಲಿ ನೆಲಸಮವಾಯಿತು. ಬಿದ್ದ ಕಲ್ಲುಕಂಬ, ಹರಿದ ಬಳ್ಳಿಗಳನ್ನು ಆಕಾಶದಿಂದ ನೋಡಿದರೂ ಕಾಣುವಂತೆ ಸ್ಥಳದಲ್ಲಿಯೇ ಅಚ್ಚುಕಟ್ಟಾಗಿ ಹರಡಲಾಗಿದೆ.

3. ಹೀಗಿರುವಾಗ ತಾವು ಮಳೆಗೆ ಮುಂಚಿನ ಚಿತ್ರ, ಮಳೆ ನಂತರದ ಚಿತ್ರ ಎರಡನ್ನೂ ಮೇಲಿನಿಂದ ತೆಗೆದು, ತಾಳೆ ನೋಡಿ, ಪೂರಾ ಹಾಳಾದ ಹೊಲಕ್ಕೆ ಕೆಂಪು, ಅರ್ಧ ಹಾಳಾದದ್ದಕ್ಕೆ ಹಳದಿ, ಏನೂ ಆಗದ್ದಕ್ಕೆ ಹಸಿರು ಬಳಿದಿದ್ದೀರಿ. ಸುತ್ತಮುತ್ತ ಎಲ್ಲರದೂ ಕೆಂಪು. ಅರ್ಜಿದಾರನದೊಂದೇ ಹಸಿರು. ನಕ್ಷೆ ಅಂಟಿಸಿದ ನೀರಗಂಟಿ ಚಿಕ್ಕಬೀರಪ್ಪನು ಟೀ ಅಂಗಡಿಯ ಮುಂದೆ ನಾಲ್ಕು ಜನರೆದುರು, "ಲೇ ಮುನಿಕೃಷ್ಣ, ಆಲಿಕಲ್ಲು ನಿನ್ನ ಹೊಲ ಕಂಡು ಹೆದರ್ಕೊಂಡು ಸುತ್ತಿ ಬಳಸಿ ಹೋಗೈತೆ ಕಣ್ಲಾ! ಒಂದು ಹಿಡಿ ಮಣ್ಣು ಕೊಡೋ, ನಮ್ಮ ಹೊಲಕ್ಕೂ ಎರಚ್ತೀನಿ" ಎಂದು ಕೂಗಿದ್ದರಿಂದ ಅರ್ಜಿದಾರನ ಮಾನಕ್ಕೆ ಆದ ನಷ್ಟವನ್ನು ತಮ್ಮ ನಕ್ಷೆಯು ಯಾವ ಬಣ್ಣದಲ್ಲಿಯೂ ತೋರಿಸಿರುವುದಿಲ್ಲ.

4. ಈ ಬಣ್ಣ ಅರ್ಜಿದಾರನಿಗೆ ಯಾಕೆ ಬೇಕೆಂದರೆ: ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣದ ಕಡೆಯ ಕೆಂಪರಾಜ್ ಅವರ ಮಗಳು ಚಿ. ಸೌ. ಅಕ್ಷತಳನ್ನು ಅರ್ಜಿದಾರನು ಹೋದ ತಿಂಗಳು ನೋಡಿಬಂದಿದ್ದಾನೆ. ಹುಡುಗಿ ಒಪ್ಪಿಗೆಯಾಗಿದ್ದಾಳೆ. ಅವಳು ಹೊಸಕೋಟೆಯಲ್ಲಿ ಏನೋ ಕಂಪ್ಯೂಟರ್ ಕೆಲಸದಲ್ಲಿದ್ದಾಳಂತೆ; ಏನು ಕೆಲಸವೆಂದು ಕೇಳಲು ಅರ್ಜಿದಾರನ ಬಾಯಿಗೆ ಬಿಡುವಿರಲಿಲ್ಲ, ಅದು ದ್ರಾಕ್ಷಿ ತೋಟದ ವಿಚಾರ ಹೇಳುತ್ತಿತ್ತು. ಕೆಂಪರಾಜ್ ಅವರು ಖುದ್ದು ದ್ರಾಕ್ಷಿ ಬೆಳೆಯುವವರಾಗಿದ್ದು, "ಯಾವ ತಳಿಯಪ್ಪಾ ಹಾಕಿರೋದು? ಬೆಂಗಳೂರು ಬ್ಲೂನಾ, ದಿಲ್‌ಕುಶ್ಶಾ?" ಎಂದು ಕೇಳಿದ್ದಕ್ಕೆ ಅರ್ಜಿದಾರನು, "ಎರಡೂ ಸಾರ್. ಒಂದೇ ಬಳ್ಳೀಲಿ" ಎಂದು ಉತ್ತರಿಸಿರುತ್ತಾನೆ.

5. ಬರುವ ಭಾನುವಾರ ಸದರಿ ಕೆಂಪರಾಜ್ ಅವರು ಪದ್ಧತಿಯಂತೆ ನೆಂಟರಿಷ್ಟರ ಸಮೇತ ಅರ್ಜಿದಾರನ ಮನೆ, ಹೊಲ ನೋಡಲು ಬರುತ್ತಿದ್ದಾರೆ. ಅವರ ಕಾರು ಪಂಚಾಯ್ತಿ ಗೋಡೆಯ ಮುಂದೆಯೇ ಹಾದು ಬರಬೇಕು. ಹೊಲ ಕೆಂಪಗಿದ್ದರೆ, "ಅಯ್ಯೋ ಪಾಪ, ಎಂಥಾ ತೋಟ ಹಾಳಾಯ್ತು" ಎಂದು ಹೆಣ್ಣು ಕೊಡುತ್ತಾರೆ. ಹಸಿರಿದ್ದರೆ, "ನಡಿಯಪ್ಪಾ, ತೋಟ ತೋರ್ಸು" ಎನ್ನುತ್ತಾರೆ. ಇದು ಗಂಭೀರ ವಿಷಯ.

6. ಈ ಮಧ್ಯೆ ಮಾರಕ್ಕನವರು ಉಲ್ಲೇಖ (3)ರಂತೆ, "ಲೋ ಮಗಾ, ಆ ದ್ರಾಕ್ಷಿ ತೋಟ ಎಲ್ಲೈತೆ ಅಂತ ನಂಗೂ ಒಂದ್ಸಲ ತೋರ್ಸಪ್ಪಾ, ನೋಡ್ಬಿಟ್ಟು ಸಾಯ್ತೀನಿ" ಎಂದು ಪೀಡಿಸುತ್ತಿದ್ದು, ಇವರ ಹೇಳಿಕೆಯನ್ನು ಪರಿಗಣಿಸಬಾರದಾಗಿ ಕೋರಿದೆ. ಅವರಿಗೆ ವಯಸ್ಸಾಗಿದೆ, ಕಣ್ಣು ಮಾತ್ರ ಚೆನ್ನಾಗಿದೆ.

ಆದ್ದರಿಂದ, ಮೇಲ್ಕಂಡ ಕಾರಣಗಳಿಂದ, ಅರ್ಜಿದಾರನಿಗೆ ಪರಿಹಾರದ ಹಣ ಬಿಡಿಗಾಸೂ ಬೇಡವಾದ ಕಾರಣ, ಬಣ್ಣ ಒಂದೇ ಸಾಕಾಗಿರುವ ಕಾರಣ, ಕೆಂಪು ದಾಸ್ತಾನಿಲ್ಲದಿದ್ದಲ್ಲಿ ಕಡೇಪಕ್ಷ ಕಿತ್ತಳೆಯನ್ನಾದರೂ ಭಾನುವಾರದೊಳಗೆ ಬಳಿದುಕೊಡಬೇಕಾಗಿ

(ಅರ್ಜಿಯನ್ನು ಕಚೇರಿ ಹೊರಗಿನ ಕಟ್ಟೆಯ ಮೇಲೆ ಕೂತು ಇಲ್ಲಿಯವರೆಗೆ ಬರೆದು, ನಕ್ಷೆಯಲ್ಲಿ ಹೊಲದ ನಂಬರು ಎಷ್ಟಿದೆಯೆಂದು ಕೇಳಲು ಅರ್ಜಿದಾರನು ಒಳಗೆ ಹೋದನು. ಮುಂದಿನದು ಹೊರಗೆ ಬಂದು ಮನೆ ಸೇರಿದ ಮೇಲೆ ಬರೆದದ್ದು.)

7. ನಕ್ಷೆ ಕೋಣೆಯ ಕಂಪ್ಯೂಟರಿನ ಮುಂದೆ ಚಿ. ಸೌ. ಅಕ್ಷತ ಕೂತಿದ್ದಳು. ಹೊಲಗಳಿಗೆ ಬಣ್ಣ ಹಾಕುವ ಕೆಲಸ ಅವಳದೇ ಎಂಬುದು ಅರ್ಜಿದಾರನ ಗಮನಕ್ಕೆ ಬಂದಿತು. ವಾಪಸು ತಿರುಗುವಷ್ಟರಲ್ಲಿ, "ಬನ್ನಿ ಬನ್ನಿ, ಕೂತ್ಕೊಳ್ಳಿ. ನಿಮ್ಮ ಹೊಲಾನೇ ನೋಡ್ತಿದ್ದೆ" ಎಂದು ಅರ್ಜಿದಾರನ ಕೈಯಲ್ಲಿದ್ದ ಅರ್ಜಿಯನ್ನು ಇಸಿದುಕೊಂಡು ಓದಿದಳು.

8. ಅವಳು ಪರದೆಯ ಮೇಲೆ ಮೂರು ಚಿತ್ರ ಸಾಲಾಗಿ ತೆರೆದಳು. "ಇದು ಮಳೆಗೆ ಮುಂಚೆ. ಉತ್ತಿರೋ ಹೊಲ. ಇದು ಮಳೆ ಆದ ಮಾರನೇ ದಿನ. ಅದೇ ಉತ್ತಿರೋ ಹೊಲ. ಇದು ಅದಾಗಿ ಎರಡು ದಿನಕ್ಕೆ. ಇದ್ದಕ್ಕಿದ್ದಂಗೆ ದ್ರಾಕ್ಷಿ ಚಪ್ಪರ ಬಿದ್ದೋಗಿದೆ. ಎದ್ದೇ ಇಲ್ದಿದ್ದ ಚಪ್ಪರ ಬಿದ್ದಿದ್ದು ಹೆಂಗ್ರೀ?"

ಅರ್ಜಿದಾರನು, "ಮೋಡ ಅಡ್ಡ ಬಂದಿರ್ಬೇಕು" ಎಂದನು.

"ಮೋಡ ಅಲ್ಲ, ಇಲ್ಲೊಂದು ಟ್ರ್ಯಾಕ್ಟರ್ ಅಡ್ಡ ಬಂದಿದೆ. ಕಂಬ ಇಳಿಸ್ತಾ ಇದೆ. ಪಕ್ಕದ ಹೊಲದಲ್ಲಿ ಅಷ್ಟೇ ಕಂಬ ಕಮ್ಮಿಯಾಗಿವೆ."

ಉಪಗ್ರಹವು ಅದೇ ಗಳಿಗೆಯಲ್ಲಿ ಹೊಲದ ಮೇಲೆ ಹಾದುಹೋಗಿದ್ದು ಅರ್ಜಿದಾರನ ಗ್ರಹಚಾರ. ಬಿದ್ದದ್ದನ್ನು ಮಾತ್ರ ತಂತ್ರಾಂಶ ನೋಡುತ್ತದೆಂದು ಅವನು ನಂಬಿದ್ದನು. ಬೀಳುವ ಮುಂಚೆ ನಿಂತಿತ್ತೇ ಎಂದೂ ನೋಡುತ್ತದೆಂದು ಯಾರೂ ಹೇಳಿರಲಿಲ್ಲ. ಪಾಯಿಂಟ್ 3ರಲ್ಲಿ ಹಾಗೆಂದು ಬರೆದಿದ್ದವನು ಅವನೇ. ಆದರೆ ಅವನ ಮಾತನ್ನು ಅವನು ಎಂದೂ ನಂಬಿದವನಲ್ಲ.

9. ಅಕ್ಷತ ನಗಲಿಲ್ಲ. ಹೊಲದ ಮೂಲೆಯಲ್ಲಿದ್ದ ಒಂದು ಚುಕ್ಕಿಯನ್ನು ತೋರಿಸಿದಳು. "ಇಲ್ಲೊಂದು ಮರ ಇತ್ತು. ಹಳೇ ಚಿತ್ರ ಎಲ್ಲದರಲ್ಲೂ ಇದೆ. ಮಳೆ ಆದ್ಮೇಲೆ ಇಲ್ಲ. ಏನದು?"

"ಹಲಸಿನ ಮರ. ನಮ್ಮಮ್ಮ ಹಾಕಿದ್ದು. ಗಾಳಿಗೆ ಬುಡಸಮೇತ ಹೋಯ್ತು."

"ಅದನ್ನ ಯಾಕೆ ಬರ್ದಿಲ್ಲ?"

"ಒಂದು ಮರ ಕಣ್ರೀ. ಅದ್ರಲ್ಲಿ ಹೇಳ್ಕೊಳ್ಳೋಕೆ ಏನೈತೆ?"

"ನಿಜವಾಗ್ಲೂ ಹೋಗಿದ್ದು ಅದೊಂದೇ ಅಲ್ವೇನ್ರೀ?" ಎಂದು ಅರ್ಜಿಯನ್ನು ವಾಪಸು ಕೊಟ್ಟಳು. "ಇದ್ದಿದ್ದು ಇದ್ದಂಗೆ ಬರ್ಕೊಂಡು ಬನ್ನಿ. ಭಾನುವಾರದ ವಿಚಾರ ಆಮೇಲೆ ನೋಡೋಣ. ಅಪ್ಪಂಗೆ ನಾನಿನ್ನೂ ಈ ಚಿತ್ರ ತೋರ್ಸಿಲ್ಲ."

10. ಆದ ಕಾರಣ ಅರ್ಜಿದಾರ ಎಂಬ ಪದವನ್ನು ಇಲ್ಲಿಗೆ ಬಿಟ್ಟು, ನಾನು, ಮುನಿಕೃಷ್ಣ, ಬರೆದುಕೊಡುವುದೇನೆಂದರೆ: ನನಗೆ ದ್ರಾಕ್ಷಿ ತೋಟ ಇರಲಿಲ್ಲ. ಇರುವುದು ರಾಗಿ ಹೊಲ. ನಾನು ಗೋಡೌನಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತೇನೆ, ಚೆನ್ನಾಗಿಯೇ ಓಡಿಸುತ್ತೇನೆ. ಆಲಿಕಲ್ಲು ಕಡಲೆಕಾಳಿನಷ್ಟಿದ್ದವು; ಅಕ್ಕಪಕ್ಕದವರ ಬೆಳೆ ಹಾಳಾಗಲು ಅಷ್ಟೇ ಸಾಕಾಯಿತು. ಆ ಸಂಜೆ ಊರಿನವರೆಲ್ಲ ತಲೆ ಮೇಲೆ ಕೈ ಹೊತ್ತಿದ್ದರು. ನಾನು ಮಾತ್ರ, ಇಲ್ಲದ ತೋಟವನ್ನು ಹಾಳು ಮಾಡಲು ದೇವರೇ ಮಳೆ ಕಳಿಸಿದ ಎಂದು ಒಳಗೊಳಗೇ ಕುಣಿದೆ. ಹಿತ್ತಿಲ ಬಾಗಿಲು ತೆಗೆದರೆ ಹೊಲದ ಮೂಲೆಯಲ್ಲಿ ಅಮ್ಮ ಬಿದ್ದ ಹಲಸಿನ ಮರದ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಎಲ್ಲಿಯೂ ಬರೆಯಬೇಕೆಂದು ನನಗೆ ಹೊಳೆಯಲಿಲ್ಲ.

ಆದ್ದರಿಂದ ನನ್ನ ಹೊಲ ಹಸಿರಾಗಿಯೇ ಇರಲಿ. ಮೂಲೆಯಲ್ಲಿ ಒಂದೇ ಒಂದು ಕೆಂಪು ಚುಕ್ಕಿ ಇಟ್ಟುಕೊಡಬೇಕು. ಹಾಗೂ ಭಾನುವಾರ ತಾವು ತಂದೆಯವರೊಡನೆ ಸ್ಥಳ ಪರಿಶೀಲನೆಗೆ ದಯಮಾಡಿಸಬೇಕು. ತೋರಿಸಲು ಹೆಚ್ಚಿಗೆ ಏನೂ ಇಲ್ಲ. ಇರುವುದೆಲ್ಲ ಇದೆ.

ತಮ್ಮ (ವಿಶ್ವಾಸ ಇನ್ನೂ ಗಳಿಸಬೇಕಾಗಿರುವ) ವಿಶ್ವಾಸಿ,
ಮುನಿಕೃಷ್ಣ

ಅಡಕಗಳು:
1) ದೈತ್ಯ ಆಲಿಕಲ್ಲಿನ ಫೋಟೋ (ರದ್ದುಪಡಿಸಿದೆ, ಅದು ನಮ್ಮ ಮನೆ ಬೂದುಗುಂಬಳ).
2) ಪಕ್ಕದ ಹೊಲದವರ ಕಂಬಗಳನ್ನು ವಾಪಸು ಕೊಟ್ಟ ಬಗ್ಗೆ ಅವರ ಬೈಗುಳ (ಮೌಖಿಕ).
3) ಹಲಸಿನ ಹಣ್ಣು, ಒಂದು. ಬಿದ್ದ ಮರದ್ದು. ಅಮ್ಮ ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡಿದ್ದು.

ಕಡೆಯ ಕೋರಿಕೆ: ಅಡಕ (3)ನ್ನು ಕೊಯ್ಯುವ ಮುನ್ನ ಕೈಗೆ, ಚಾಕುವಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳತಕ್ಕದ್ದು. ಅಂಟು ಬಹಳ. ಇದರಲ್ಲಿ ನಾನು ಏನನ್ನೂ ಹೆಚ್ಚು ಮಾಡಿ ಹೇಳಿರುವುದಿಲ್ಲ.